ಕಾವಿ ಗುರುತಿನ ಕಲ್ಲುಗಳು

ಮಡಿಕೇರಿ
೧೨ ಫೆಬ್ರವರಿ ೧೯೩೬

ಮಗೂ ಗೋಮತಿ,

ನಿನ್ನ ಕಾಗದ ನಿನ್ನೆ ಬಂತು. ಕ್ವೆಟ್ಟಾದಿಂದ ಇಲ್ಲಿಗೆ ಒಂಬತ್ತು ದಿನ. ಅಂಚೆಯ ಗುರುವಪ್ಪ ಗೇಟಿನಿಂದಲೇ "ಓವರ್ಸಿಯರಯ್ಯಾ, ಮಗಳು!" ಎಂದು ಕೂಗುತ್ತಾನೆ. ಕಾಗದ ಎಂದು ಕೂಗುವುದಿಲ್ಲ, ಮಗಳು ಎಂದೇ ಕೂಗುವುದು. ಪ್ರತಿ ಸಲವೂ ಎದ್ದು ನೋಡುತ್ತೇನೆ. ನೋಡಿದರೆ ಒಂದು ಲಕೋಟೆ.

ಮಂಗಳೂರಿನ ಕಾಲೇಜಿನಲ್ಲಿ ಎಫ್.ಎ.ಗೆ ಎರಡು ವರ್ಷ ಕೂತವನು ನಾನು, ಪಾಸಾಗಲಿಲ್ಲ ಎಂಬುದು ಬೇರೆ ವಿಷಯ. ಅಲ್ಲಿ ಒಂದು ಗಾದೆ ಬಾಯಿಪಾಠ ಮಾಡಿಸಿದ್ದರು. ಈಸ್ಟ್ ಆರ್ ವೆಸ್ಟ್, ಹೋಮ್ ಈಸ್... ಹೋಮ್ ಏನೋ ಒಂದು. ಆ ಕೊನೆಯ ಪದ ಇವತ್ತು ಬೆಳಗಿನಿಂದ ಹುಡುಕುತ್ತಿದ್ದೇನೆ. ಸ್ನಾನದ ನೀರು ಆರಿಹೋಯಿತು, ಪದ ಸಿಗಲಿಲ್ಲ.

ಹೇಳಬೇಕಾದದ್ದು ಇಷ್ಟು. ವೈಶಾಖದಲ್ಲಿ ನಿನ್ನ ಅಮ್ಮನ ಮೂರನೆಯ ವರ್ಷದ ತಿಥಿ. ನೀನು ಬಾ. ಹೋದ ವರ್ಷ ಮೇ ಕೊನೆಗೆ ಭೂಕಂಪದಲ್ಲಿ ನಿಮ್ಮ ಊರು ನೆಲಸಮವಾದಾಗ ಅಲ್ಲಿನವರೆಲ್ಲ ಹೆಂಗಸರನ್ನು ತವರಿಗೆ ಕಳಿಸಿದರಂತೆ, ಪೇಪರಿನಲ್ಲಿ ಓದಿದೆ. ನೀನು ಮಾತ್ರ "ಕ್ಷೇಮ" ಎಂದು ಒಂದು ತಂತಿ ಕಳಿಸಿ ಲಾಹೋರಿನ ಯಾವುದೋ ಶಿಬಿರಕ್ಕೆ ಹೋದೆ, ಅಲ್ಲಿಂದ ಮತ್ತೆ ಕ್ವೆಟ್ಟಾಕ್ಕೇ ಹೋದೆ. ಇಲ್ಲಿ ಮನೆ ಇರಲಿಲ್ಲವೇ? ನಾನೇ ನಿಂತು ಕಟ್ಟಿಸಿದ ಮನೆ. ಹದಿನಾಲ್ಕನೆಯ ಇಸವಿ, ನಿನಗೆ ಆಗ ಎರಡು ವರ್ಷ.

ಈಗಲೂ ಅಮ್ಮನ ಕಿಟಕಿಯ ಬಳಿ ಕೂತೇ ಬರೆಯುತ್ತಿದ್ದೇನೆ. ಸಂಪಾಜೆ ರಸ್ತೆಯ ತಿರುವು ಇಲ್ಲಿಂದ ಕಾಣುತ್ತದಲ್ಲ, ಅವಳು ತವರಿನ ಗಾಡಿ ಕಾಯುತ್ತಿದ್ದದ್ದು ಇಲ್ಲಿಯೇ. ಈಗ ನಾನು ಗುರುವಪ್ಪನನ್ನು ಕಾಯುತ್ತೇನೆ. ಕಿಟಕಿ ಖಾಲಿ ಇರಬಾರದು ನೋಡು.

ಅಳಿಯಂದಿರಿಗೆ ರಜೆ ಸಿಗದಿದ್ದರೆ ಜೋಲಾರಪೇಟೆಯವರೆಗೆ ನಾನೇ ಬರುತ್ತೇನೆ. ಬಾ.

ನಿನ್ನ ಅಪ್ಪಯ್ಯ
ಜನಾರ್ದನಯ್ಯ


ಕ್ವೆಟ್ಟಾ
೧ ಮಾರ್ಚ್ ೧೯೩೬

ಅಪ್ಪಯ್ಯನ ಪಾದಗಳಿಗೆ ಗೋಮತಿಯ ನಮಸ್ಕಾರ.

ನಾವು ಚೆನ್ನಾಗಿದ್ದೇವೆ. ರೈಲ್ವೆಯವರು ಹೊಸ ಕ್ವಾರ್ಟರ್ಸ್ ಕೊಟ್ಟಿದ್ದಾರೆ, ಎರಡು ಕೋಣೆ. ಗೋಡೆಯೊಳಗೆ ಕಬ್ಬಿಣದ ಸರಳು, ಸುತ್ತಲೂ ಮೂರು ಸಾಲು ಪಟ್ಟಿ. ಮನೆಯ ಸೊಂಟಕ್ಕೆ ಡಾಬು ತೊಡಿಸಿದ ಹಾಗೆ ಎಂದು ಇವರು ನಗುತ್ತಾರೆ. ಆಫೀಸಿನಲ್ಲಿ ಅಂಥ ಮನೆಗಳ ನಕ್ಷೆ ಬರೆಯುವುದೇ ಈಗ ಇವರ ಕೆಲಸ.

ವೈಶಾಖಕ್ಕೆ ಬರಲಾಗುವುದಿಲ್ಲ. ರಜೆ ಇಲ್ಲ. ನನ್ನ ಪರವಾಗಿ ಅಮ್ಮನಿಗೆ ಒಂದು ಹೂ ಹೆಚ್ಚು ಇಡಿ.

ಚಳಿ ಇನ್ನೂ ಹೋಗಿಲ್ಲ. ಬೆಳಿಗ್ಗೆ ಹಗ್ಗಗಳ ಮೇಲೆಲ್ಲ ಹಿಮ ಕೂತು ಕಲ್ಲಾಗಿರುತ್ತದೆ, ಬಿಸಿನೀರು ಹೊಯ್ದು ಗಂಟು ಬಿಚ್ಚಬೇಕು.

ಇವರು ಕೇಳುತ್ತಿದ್ದಾರೆ. ನಮ್ಮ ಮನೆಯ ಗೋಡೆ ಎಷ್ಟು ದಪ್ಪ? ಮಣ್ಣಿನಲ್ಲಿ ಕಟ್ಟಿದ್ದೋ, ಗಾರೆಯಲ್ಲೋ? ಒಳಮೈ ಹೊರಮೈಗಳನ್ನು ಹಿಡಿದಿಡುವ ಉದ್ದಗಲ್ಲು ಎಷ್ಟು? ಅಮ್ಮನ ಕಿಟಕಿ ಮೂಲೆಯಿಂದ ಎಷ್ಟು ದೂರ? ಮಾಡಿನ ಕೆಳಗಿನ ಮುಕ್ಕೋನೆ ಗೋಡೆ ಕಲ್ಲಿನದೋ, ಹಲಗೆಯದೋ? ದಯವಿಟ್ಟು ಅಳೆದು ನೋಡಿ ಬರೆಯಿರಿ. ಸುಮಾರಾಗಿ ಬರೆಯಬೇಡಿ.

ಗೋಮತಿ


ಮಡಿಕೇರಿ
೧೮ ಮಾರ್ಚ್ ೧೯೩೬

ಗೋಮತಿ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಬಂದದ್ದನ್ನು ಮುಚ್ಚಿಡುವುದೇಕೆ? ಮೂವತ್ತೊಂದು ವರ್ಷ ಸೋಮವಾರಪೇಟೆ ರಸ್ತೆಯ ಮೋರಿ, ಕುಶಾಲನಗರದ ಬಂಗಲೆ (ಸಾಹೇಬರ ಕಾಗದದಲ್ಲಿ ಅದು ಫ್ರೇಜರ್‌ಪೇಟೆ) ಎಂದು ಅಳೆಯುತ್ತಾ ಸವೆದವನಿಗೆ ಅಳಿಯಂದಿರಿಂದ ಇನ್ಸ್‌ಪೆಕ್ಷನ್ನು! ಕೊಡಗಿನಲ್ಲಿ ಭೂಮಿ ಎಲ್ಲಿ ಅಲುಗುತ್ತದೆ? ಇಲ್ಲಿ ಅಲುಗಿಸುವುದು ಮಳೆ ಒಂದೇ.

ಆದರೂ ಕೇಳಿದ್ದಕ್ಕೆ ಉತ್ತರ. ಗೋಡೆ ಒಂದೂಮುಕ್ಕಾಲು ಅಡಿ. ಮಣ್ಣಿನಲ್ಲಿ ಕಟ್ಟಿ ಒಳಗೆ ಗಾರೆ ಬಳಿದದ್ದು. ಮುಕ್ಕೋನೆ ಗೋಡೆ ಕಲ್ಲಿನದೇ. ಅಮ್ಮನ ಕಿಟಕಿ ಮೂಲೆಯಿಂದ ಒಂದಡಿ. ಉದ್ದಗಲ್ಲು ಐವತ್ತೆರಡು.

ಈ ಐವತ್ತೆರಡರ ಕಥೆ ನಿನಗೆ ಗೊತ್ತಿದೆಯೋ ಇಲ್ಲವೋ. ನಮ್ಮ ಕಡೆಯ ಕಲ್ಲಿನ ಗೋಡೆ ಒಂದು ಗೋಡೆಯಲ್ಲ, ಎರಡು. ಹೊರಮೈ ಒಂದು, ಒಳಮೈ ಒಂದು, ನಡುವೆ ಜಲ್ಲಿ ಮಣ್ಣು. ಆಚೆಯಿಂದ ಈಚೆಗೆ ಅಡ್ಡ ಮಲಗುವ ಉದ್ದಗಲ್ಲು ಎರಡನ್ನೂ ಹಿಡಿದು ನಿಲ್ಲಿಸುತ್ತದೆ. ಅದಿಲ್ಲದ ಗೋಡೆ ಎಂದರೆ ಒಂದೇ ಚಾಪೆಯ ಮೇಲೆ ಬೆನ್ನು ತಿರುಗಿಸಿ ಮಲಗಿದ ಗಂಡಹೆಂಡಿರು ಎಂದು ನಮ್ಮ ಮೇಸ್ತ್ರಿ ಬೊಳ್ಳಪ್ಪ ಹೇಳುವುದು. ಗೋಡೆ ಎದ್ದ ಮೇಲೆ ಯಾವುದು ಉದ್ದ, ಯಾವುದು ಗಿಡ್ಡ ಎಂದು ಕಲ್ಲಿನ ಮುಖ ನೋಡಿ ಹೇಳಲಾಗದು. ಅದಕ್ಕೇ ಇಡುವಾಗಲೇ ಅದರ ಮುಖಕ್ಕೆ ಕಾವಿಯಿಂದ ಅಡ್ಡಗೀಟಿನ ಗುರುತು ಹಾಕುವುದು, ಓವರ್ಸಿಯರು ಸಂಜೆ ಬಂದು ಗುರುತು ಎಣಿಸಿ "ಮೆಷರ್ಡ್ ಅಂಡ್ ಫೌಂಡ್ ಕರೆಕ್ಟ್" ಎಂದು ಬರೆಯುವುದು.

ನಮ್ಮ ಮನೆಯಲ್ಲಿ ಎಣಿಸಿದವಳು ನಿನ್ನ ಅಮ್ಮ. ಅವಳ ತವರಿನಲ್ಲಿ ಒಂದು ಮಳೆಗಾಲ ಗೋಡೆ ಕುಸಿದಿತ್ತಲ್ಲ, ಆ ಹೆದರಿಕೆ. ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಪ್ರತಿ ಸಂಜೆ ಎಣಿಸುವಳು. ಐವತ್ತೆರಡಾದ ದಿನ ಪಾಯಸ ಮಾಡಿದಳು. ಹೊರಮೈಗೆ ಗಾರೆ ಬಳಿಯಲು ಬಿಡಲಿಲ್ಲ. ಪ್ರತಿ ಗೌರಿ ಹಬ್ಬಕ್ಕೆ ಏಣಿ ಹತ್ತಿ, ಮಾಸಿದ ಗುರುತಿಗೆಲ್ಲ ಹೊಸ ಕಾವಿ ತೀಡುವುದು ನೀನೂ ನೋಡಿದ್ದೀಯ.

ಅಳಿಯಂದಿರಿಗೆ ಸಾಕ್ಷಿ ಬೇಕಲ್ಲ ಎಂದು ನಿನ್ನೆ ಬೊಳ್ಳಪ್ಪನನ್ನೇ ಕರೆಸಿದೆ.

"ಎಂಥ ಅಯ್ಯಾ, ಮೊಮ್ಮಕ್ಕಳಾದ ಮೇಲೆ ಜಾತಕ ನೋಡುವುದಾ?" ಎಂದ. ಎಪ್ಪತ್ತು ದಾಟಿದೆ, ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ.

ಪರೀಕ್ಷೆ ಹೀಗೆ. ಅವನು ಹೊರಗೆ ನಿಂತು ಗುರುತಿನ ಕಲ್ಲಿಗೆ ಸುತ್ತಿಗೆಯಿಂದ ತಟ್ಟುವುದು. ನಾನು ಒಳಗೆ ಅದೇ ಜಾಗಕ್ಕೆ ಅಂಗೈ ಒತ್ತಿ ನಿಲ್ಲುವುದು. ಉದ್ದಗಲ್ಲಾದರೆ ಏಟು ನೇರವಾಗಿ ಅಂಗೈಗೆ ಬರುತ್ತದೆ, ಗಿಡ್ಡ ಕಲ್ಲಾದರೆ ನಡುವಿನ ಮಣ್ಣು ನುಂಗುತ್ತದೆ. ಬಂದರೆ "ಬಂತು" ಎಂದು ಕೂಗಬೇಕು.

ಟಕ್. ಬಂತು! ಟಕ್. ಬಂತು! ಟಕ್, ಟಕ್, ಟಕ್... "ಅಯ್ಯಾ, ಒಳಗೆ ಇದ್ದೀರಾ, ಇಲ್ಲ ಊಟಕ್ಕೆ ಹೋದಿರಾ?"

ಕೆಲವಕ್ಕೆ ಬರಲಿಲ್ಲ, ನಿಜ. ಕತ್ತಲಾಯಿತು, ಉಳಿದದ್ದು ನಾಳೆ. ಆದರೆ ಎಷ್ಟು ಮಜವಾದ ಕೆಲಸ ಅಂತೀಯ! ಗೋಡೆಯ ಆಚೆ ಯಾರೋ ತಟ್ಟುವುದು, ಈಚೆಯಿಂದ ಉತ್ತರ ಕೊಡುವುದು. ಚಿಕ್ಕವಳಿದ್ದಾಗ ಗೊತ್ತಿದ್ದರೆ ನೀನು ದಿನವಿಡೀ ಇದೇ ಆಟ ಆಡುತ್ತಿದ್ದೆ.

ನಿನ್ನ ಅಪ್ಪಯ್ಯ


ಮಡಿಕೇರಿ
೩೦ ಏಪ್ರಿಲ್ ೧೯೩೬

ಮಗೂ,

ಆರು ವಾರವಾಯಿತು. ಗುರುವಪ್ಪ ಈಗ ಗೇಟಿನ ಹತ್ತಿರ ಬಂದಾಗ ತಲೆ ತಗ್ಗಿಸಿ ಬೇಗ ಬೇಗ ಹೋಗುತ್ತಾನೆ. ಕಾಗದ ಬಾರದಿದ್ದರೆ ಅದು ಅವನ ತಪ್ಪೇ? ಹೇಳಿದೆ. "ಅಲ್ಲ ಅಯ್ಯಾ, ನಿಮ್ಮ ಮುಖ ನೋಡಲಿಕ್ಕೆ ಆಗುವುದಿಲ್ಲ" ಎಂದ.

ತಿಥಿ ಆಯಿತು. ನಿನ್ನ ಹೂ ಇಟ್ಟೆ.

ನೀನು ಏಕೆ ಬರೆಯುತ್ತಿಲ್ಲ ಎಂದು ನನಗೆ ಗೊತ್ತು. ನಾಚಿಕೆ. ಕಬ್ಬಿಣದ ಡಾಬು ತೊಟ್ಟ ಕ್ವಾರ್ಟರ್ಸಿನಲ್ಲಿರುವವಳಿಗೆ ಅಪ್ಪನ ಮಣ್ಣಿನ ಗೋಡೆ ನಾಚಿಕೆಯಾಗಿದೆ. ಆಗಲಿ. ಪೂರ್ತಿಯೇ ಬರೆಯುತ್ತೇನೆ. ಐವತ್ತೆರಡರಲ್ಲಿ ಅಂಗೈಗೆ ಬಂದದ್ದು ಮೂವತ್ತು. ಇಪ್ಪತ್ತೆರಡು ಸುಳ್ಳು. ಅಮ್ಮನ ಕಿಟಕಿಯ ಮೂಲೆಯಲ್ಲಂತೂ ಮೇಲಿಂದ ಕೆಳಗಿನವರೆಗೆ ಒಂದೂ ನಿಜವಿಲ್ಲ.

ಬೊಳ್ಳಪ್ಪ ಮೋಸ ಮಾಡಿದ್ದಾನೆ. ಮುಖಕ್ಕೇ ಹೇಳಿದೆ. ಅವನು ಸುತ್ತಿಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದ.

ನಿನ್ನ ಹಳೆಯ ಕಾಗದ ಮತ್ತೆ ಓದುತ್ತಿದ್ದೆ. ಹಗ್ಗದ ಮೇಲೆ ಹಿಮ ಎಂದಿದ್ದೀಯ. ಬಟ್ಟೆ ಒಣಗಿಸುವ ಹಗ್ಗಕ್ಕೆ ದಿನವೂ ಗಂಟು ಏಕೆ ಬಿಚ್ಚುವುದು? ಇದನ್ನು ಯಾರಲ್ಲಿ ಕೇಳಲಿ. ನಿನ್ನ ಅಮ್ಮ ಇದ್ದಿದ್ದರೆ ಓದಿದ ಕೂಡಲೇ ಅವಳಿಗೆ ತಿಳಿಯುತ್ತಿತ್ತು.

ಎರಡು ಸಾಲು ಬರೆ. ಬೈದಾದರೂ ಬರೆ.

ಅಪ್ಪಯ್ಯ


ಕ್ವೆಟ್ಟಾ
೨೫ ಮೇ ೧೯೩೬

ಅಪ್ಪಯ್ಯ,

ನಾಚಿಕೆಯಲ್ಲ. ನೀವು ಹಾಗೆ ತಿಳಿದಿರಲ್ಲ ಎಂದು ಈಗ ನನಗೆ ನಾಚಿಕೆ.

ಹಗ್ಗ ಡೇರೆಯದು. ಕ್ವಾರ್ಟರ್ಸ್ ಕೊಟ್ಟದ್ದು ನಿಜ. ನಮ್ಮ ಸಾಮಾನೆಲ್ಲ ಅದರೊಳಗಿದೆ, ಒಲೆಯೂ ಒಳಗೇ. ಇವರೇ ಅನ್ನ ಬೇಯಿಸಿ ಹೊರಗೆ ತರುತ್ತಾರೆ. ನಾನು ಹೊಸ್ತಿಲವರೆಗೆ ಹೋಗುತ್ತೇನೆ, ಆಮೇಲೆ ಕಾಲು ಬರುವುದಿಲ್ಲ. ಹೋದ ವರ್ಷದಿಂದ ಯಾವ ಮಾಡಿನ ಕೆಳಗೂ ಹೋಗಿಲ್ಲ. ರೈಲಿನಲ್ಲಿ ಮಾತ್ರ ಆಗುತ್ತದೆ, ಅದು ಹೇಗೂ ಅಲುಗುವುದೇ ಅಲ್ಲವೇ. ಬೀಳದ ಮನೆಯ ನಕ್ಷೆ ಬರೆಯುವವನ ಹೆಂಡತಿಯೇ ಡೇರೆಯಲ್ಲಿ ಎಂದು ಆಫೀಸಿನಲ್ಲಿ ನಗುತ್ತಾರಂತೆ. ಇವರು ನನಗೆ ಹೇಳಿಲ್ಲ. ಬೇರೆಯವರು ಹೇಳಿದ್ದು.

ಆ ದಿನ ಇವರು ಕೆಲಸದ ಮೇಲೆ ಸಿಬಿಗೆ ಹೋಗಿದ್ದರು. ನಾವು ಬಾಡಿಗೆಗಿದ್ದ ಮನೆಗೂ ಪಕ್ಕದ ಲಾಜವಂತಿಯ ಮನೆಗೂ ನಡುವೆ ಒಂದೇ ಗೋಡೆ. ಅವಳು ನನಗಿಂತ ಒಂದೆರಡು ವರ್ಷ ದೊಡ್ಡವಳು, ನನಗೆ ರೊಟ್ಟಿ ತಟ್ಟಲು ಕಲಿಸಿದವಳು. ಬೆಳಗಿನ ಜಾವ ಮೂರು ಗಂಟೆಯ ಹೊತ್ತಿಗೆ ಮಾಡು ಬಂದು ನನ್ನ ಮಂಚದ ಮೇಲೆ ಓರೆಯಾಗಿ ನಿಂತಿತು. ಒಂದು ಕೈ ಮಾತ್ರ ಆಡುತ್ತಿತ್ತು. ಇಟ್ಟಿಗೆಯ ಚೂರು ಸಿಕ್ಕಿತು, ತಟ್ಟಿದೆ. ಆಚೆಯಿಂದ ತಟ್ಟಿದಳು. ನಾನು ಮೂರು ತಟ್ಟಿದರೆ ಅವಳೂ ಮೂರು. ಬಿರುಕಿನಲ್ಲಿ ಬೆಳಕು ಬಂತು, ಬಿಸಿಲು ಬಂತು. ನಾನು ಎರಡು ತಟ್ಟಿದರೆ ಅವಳೂ ಎರಡು. ಆಮೇಲೆ ನಾನು ಮತ್ತೆ ಮೂರು ತಟ್ಟಿದೆ.

ಮಧ್ಯಾಹ್ನ ಸಿಪಾಯಿಗಳು ನನ್ನನ್ನು ತೆಗೆದರು. ತೆಗೆಯುವವರೆಗೂ ತಟ್ಟುತ್ತಲೇ ಇದ್ದೆ.

ಇದು ಇವರೊಬ್ಬರಿಗೆ ಗೊತ್ತು. "ಒಳಗೆ ಇದ್ದೀರಾ" ಎಂದು ಬೊಳ್ಳಪ್ಪ ಕೇಳಿದ್ದನ್ನು ಬರೆದಿದ್ದಿರಲ್ಲ, ಅಲ್ಲಿಗೆ ನಿಮ್ಮ ಕಾಗದ ಮಡಿಸಿಟ್ಟೆ. ಅಷ್ಟೇ.

ಗೋಡೆಯ ಪ್ರಶ್ನೆಗಳು ಇವರದಲ್ಲ, ನನ್ನವು. ಮನೆಗೆ ಬರಬೇಕೆಂದು ಎಷ್ಟು ಆಸೆ ಎಂದರೆ, ಡೇರೆಯಲ್ಲಿ ಕಣ್ಣು ಮುಚ್ಚಿ ನಮ್ಮ ಹಿತ್ತಿಲ ಬಾಗಿಲ ಅಗಳಿ ತೆಗೆಯುತ್ತೇನೆ. ಅದನ್ನು ಮೊದಲು ಮೇಲಕ್ಕೆತ್ತಿ ಆಮೇಲೆ ಎಳೆಯಬೇಕಲ್ಲ. ಎತ್ತುತ್ತೇನೆ, ಎಳೆಯುತ್ತೇನೆ. ಬಾಗಿಲು ತೆರೆಯುತ್ತದೆ. ಅಲ್ಲಿಗೆ ಕಣ್ಣು ಬಿಡುತ್ತೇನೆ.

ಬಂದು ಅಂಗಳದಲ್ಲಿ ನಿಂತು ವಾಪಸು ಹೋಗಲೇ?

ಗೋಮತಿ


ಮಡಿಕೇರಿ
೮ ಜೂನ್ ೧೯೩೬

ಮಗೂ,

ನಿನ್ನ ಕಾಗದ ಮೂರು ಸಲ ಓದಿದೆ. ಇಂಗ್ಲಿಷ್ ಒಂದೂ ನೆನಪಾಗಲಿಲ್ಲ.

ನೀನು ನಿಜ ಬರೆದೆ. ನಾನೂ ಬರೆಯಬೇಕು. ಬೊಳ್ಳಪ್ಪ ಮೋಸ ಮಾಡಲಿಲ್ಲ.

ಆ ವರ್ಷ ಮೇ ತಿಂಗಳಲ್ಲೇ ಮಳೆ ಹಿಡಿಯಿತು. ಕಲ್ಲು ತರುವ ಗಾಡಿಗಳು ದಿಬ್ಬ ಹತ್ತಲಾರದೆ ನಿಂತವು. ಇಪ್ಪತ್ತು ಉದ್ದಗಲ್ಲು ಕಡಿಮೆ. ಅಷ್ಟರ ಮೇಲೆ ನಿನ್ನ ಅಮ್ಮ ಕಿಟಕಿ ಕೇಳಿದಳು. ರಸ್ತೆಯ ತಿರುವು ಕಾಣಬೇಕಾದರೆ ಅದು ಮೂಲೆಯ ಪಕ್ಕದಲ್ಲೇ ಆಗಬೇಕು. ಮೂಲೆಗೆಂದು ಎತ್ತಿಟ್ಟಿದ್ದ ಎರಡು ಒಳ್ಳೆಯ ಕಲ್ಲುಗಳನ್ನು ಒಂದು ಕಿಟಕಿಯ ಕೆಳಗೆ, ಒಂದು ಮೇಲೆ ಇಡಿಸಿದೆ. ಅಲ್ಲಿಗೆ ಇಪ್ಪತ್ತೆರಡು ಕಡಿಮೆಯಾಯಿತು. ಬೊಳ್ಳಪ್ಪ ಒಪ್ಪಲಿಲ್ಲ. "ಅಯ್ಯಾ, ಮೂಲೆಯ ಕಲ್ಲು ಕಿಟಕಿಗಿಟ್ಟರೆ ಮೂ­ಲೆ ಯಾರನ್ನು ಹಿಡಿದುಕೊಂಡು ನಿಲ್ಲುವುದು?" ಎಂದ. ನಾನು, "ಗಿಡ್ಡ ಕಲ್ಲಿಗೂ ಗುರುತು ಹಾಕು, ಸಂಜೆ ಅವಳು ಎಣಿಸುತ್ತಾಳೆ" ಎಂದೆ.

ತಟ್ಟಿ ನೋಡೋಣ, ನಾನು ಒಳಗೆ ಅಂಗೈ ಇಡುತ್ತೇನೆ ಎಂದು ಅವಳು ಒಮ್ಮೆ ಕೇಳಿದ್ದಳು. "ಗುರುತೇ ಸಾಕು, ನಾನು ಓವರ್ಸಿಯರಲ್ಲವೇ" ಎಂದು ನಕ್ಕುಬಿಟ್ಟೆ. ಅವಳು ಹತ್ತೊಂಬತ್ತು ಗೌರಿ ಹಬ್ಬ ನನ್ನ ಸುಳ್ಳಿಗೆ ಕಾವಿ ತೀಡಿದಳು.

ನಿನ್ನೆ ಮಳೆಯಲ್ಲೇ ಬೊಳ್ಳಪ್ಪನ ಮನೆಗೆ ಹೋಗಿ ತಪ್ಪು ಒಪ್ಪಿಕೊಂಡೆ. "ಬಿಡಿ ಅಯ್ಯಾ. ಅಮ್ಮನ ಎದುರೇ ಹೇಳಲಿಲ್ಲ, ಇನ್ನು ಯಾರೆದುರು ಹೇಳುವುದು" ಎಂದು ಒಂದು ವೀಳ್ಯದೆಲೆ ಕೊಟ್ಟ.

ಭೂಮಿ ಇಲ್ಲಿ ಅಲುಗುತ್ತದೋ ಇಲ್ಲವೋ, ಇನ್ನು ಆ ವಾದ ಬೇಡ. ನೀನು ಕಾಲಿಡುವಂಥ ಮನೆ ಮಾಡಬೇಕು. ಈಗ ಮಳೆ. ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ, ಸೆಪ್ಟೆಂಬರಿನಲ್ಲಿ, ಕೆಲಸ ಹಿಡಿಯುತ್ತೇನೆ. ಮೂರ್ನಾಡಿನ ನನ್ನ ಹಳೆಯ ಸ್ನೇಹಿತ ಕುಟ್ಟಪ್ಪನ ಮನೆಗೆ ಹೋಗಿದ್ದೆ. ಅವರ ಮನೆಗೆ ಇನ್ನೂರು ವರ್ಷವಂತೆ. ಕಂಬ, ತೊಲೆ, ಕಂಬದಿಂದ ಕಂಬಕ್ಕೆ ಜಗಲಿಯ ದಪ್ಪ ಹಲಗೆ, ಎಲ್ಲವೂ ಒಂದನ್ನೊಂದು ಕಚ್ಚಿ ಕೂತಿವೆ. "ನೀವು ಕಲ್ಲನ್ನು ನಂಬಿದಿರಿ ಓವರ್ಸಿಯರೇ, ನಾವು ಮರವನ್ನು ನಂಬಿದೆವು" ಎಂದು ಮೀಸೆಯೊಳಗೇ ನಕ್ಕು, ಒಣಗಿದ ಎರಡು ಹಲಸಿನ ಮರ ಕೊಡುತ್ತೇನೆ ಎಂದಿದ್ದಾನೆ. ನಿಮ್ಮ ಕಬ್ಬಿಣದ ಡಾಬಿನ ಬದಲು ಮರದ್ದು ಆಗುತ್ತದೆಯೇ, ಅಳಿಯಂದಿರನ್ನು ಕೇಳಿ ಒಂದು ನಕ್ಷೆ ಕಳಿಸು.

ಅಮ್ಮನ ಕಿಟಕಿ ಮುಚ್ಚಬೇಕಾಗುತ್ತದೆ.

ಅಪ್ಪಯ್ಯ


ಕ್ವೆಟ್ಟಾ
೧೯ ಜುಲೈ ೧೯೩೬

ಅಪ್ಪಯ್ಯ,

ನಕ್ಷೆ ಇದರೊಳಗಿದೆ. ಮರದ ಪಟ್ಟಿ ಆಗುತ್ತದಂತೆ. ಬಾಗಿಲಿನ ಮೇಲ್ಮಟ್ಟದಲ್ಲಿ ಎಲ್ಲ ಗೋಡೆಯ ಮೇಲೂ ಸುತ್ತಿ ಬರಬೇಕು, ಎಲ್ಲಿಯೂ ತುಂಡಾಗಬಾರದು. ಮಾಡಿನ ಮರಗಳನ್ನು ಅದಕ್ಕೇ ಬಿಗಿಯಬೇಕು. ಮುಕ್ಕೋನೆಯ ಕಲ್ಲು ಇಳಿಸಿ ಹಲಗೆ ಹೊಡೆಸಿ.

ಕಿಟಕಿ ಮುಚ್ಚಬೇಡಿ ಎಂದು ನಾನು ಇವರೊಡನೆ ಜಗಳವಾಡಿದೆ. ಅಮ್ಮನ ಕಿಟಕಿ ಇಲ್ಲದಿದ್ದರೆ ನಾನು ಬರುವುದು ಯಾರ ಮನೆಗೆ? ಮೂಲೆಯಿಂದ ನಾಲ್ಕಡಿ ಸರಿಸಿದರೆ ಸಾಕು ಎನ್ನುತ್ತಾರೆ. ಸರಿಸಿದರೆ ತಿರುವು ಕಾಣುವುದಿಲ್ಲ, ನನಗೆ ಗೊತ್ತು. ನೀವೇ ನೋಡಿ ಹೇಗೆ ಎಂದು.

ಇನ್ನೊಂದು. ಗೌರಿ ಹಬ್ಬಕ್ಕೆ ನಾನು ಏಣಿ ಹಿಡಿದು ನಿಲ್ಲುತ್ತಿದ್ದೆ. ಎಲ್ಲ ಕಲ್ಲಿಗೂ ಒಂದು ಸಲ ಕಾವಿ ತೀಡುವಳು, ಕೆಲವಕ್ಕೆ ಮಾತ್ರ ಎರಡು ಸಲ. ಕಿಟಕಿಯ ಮೂಲೆಯವಕ್ಕೆಲ್ಲ ಎರಡು ಸಲ. ಏಕಮ್ಮ ಎಂದು ಕೇಳಿದರೆ, "ಪಾಪ, ಇವಕ್ಕೆ ಬಲ ಸಾಲದು" ಎನ್ನುತ್ತಿದ್ದಳು. ಅದು ಏನು ಎಂದು ನನಗೆ ನಿಮ್ಮ ಕಾಗದ ಓದಿದ ಮೇಲೆ ತಿಳಿಯಿತು.

ಗೋಮತಿ


ಮಡಿಕೇರಿ
೬ ಡಿಸೆಂಬರ್ ೧೯೩೬

ಮಗೂ ಗೋಮತಿ,

ನಿನ್ನ ಜುಲೈ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಾಗಲಿಲ್ಲ. ಮಧ್ಯೆ ಎರಡು ಕಾರ್ಡು ಹಾಕಿದ್ದು ಕ್ಷೇಮ ತಿಳಿಸಲು ಅಷ್ಟೇ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ರಾತ್ರಿ ಆ ಮೂಲೆಯಲ್ಲೇ ಮಲಗಿದಳು. ಒಂದು ಮಾತು ಕೇಳಿಬಿಟ್ಟಿದ್ದರೆ! ನಾನು ಕೇಳಲು ಬಿಟ್ಟಿದ್ದರೆ ತಾನೇ.

ಕೆಲಸ ಮುಗಿಯಿತು. ಮುಕ್ಕೋನೆ ಈಗ ಹಲಗೆಯದು. ಕುಟ್ಟಪ್ಪನ ಹಲಸು ಮನೆಯನ್ನು ಸುತ್ತಿ ಬಂದಿದೆ, ಮೂಲೆಗಳಲ್ಲಿ ಒಂದರೊಳಗೊಂದು ಕಚ್ಚಿಸಿ ಬೆಣೆ ಹೊಡೆದದ್ದು. ನಾನು ಮೇಲೆ ಹತ್ತಿ ಪ್ರತಿ ಬೆಣೆಯನ್ನೂ ಕೈಯಿಂದ ಎಳೆದು ನೋಡಿದೆ. ಪಕ್ಕದ ಮನೆಯ ಸುಲೋಚನಮ್ಮ ಕೆಳಗಿನಿಂದ, "ಜನಾರ್ದನಯ್ಯ, ನೀವು ಬಿದ್ದರೆ ಯಾವ ಪಟ್ಟಿ ಹಿಡಿಯುತ್ತದೆ?" ಎಂದರು. ಸುಳ್ಳು ಗುರುತಿನ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿಸಿ ಇಪ್ಪತ್ತು ಹೊಸ ಉದ್ದಗಲ್ಲು ಇಡಿಸಿದೆ. ಉಳಿದ ಎರಡು? ಅವು ಕಿಟಕಿಯಿಂದ ಬಂದವು. ಬೊಳ್ಳಪ್ಪ ಅವನ್ನು ತೆಗೆದು, ತೊಳೆದು, ಮೂಲೆಯಲ್ಲಿ ಮಲಗಿಸಿದ. "ಇಪ್ಪತ್ತೆರಡು ವರ್ಷ ಊರೆಲ್ಲ ತಿರುಗಿ ಮನೆಗೆ ಬಂದಿರಾ" ಎಂದು ಕಲ್ಲಿನ ಹತ್ತಿರ ಮಾತನಾಡಿದ.

ಕಿಟಕಿ ನಾಲ್ಕಡಿ ಸರಿದಿದೆ. ಅದೇ ಚೌಕಟ್ಟು, ಅಮ್ಮ ಎಣ್ಣೆ ಕೈ ಒರೆಸಿ ಕಪ್ಪಾದ ಕಡೆ ಹಾಗೇ ಇದೆ. ತಿರುವು ಕಾಣುವುದಿಲ್ಲ. ಗುರುವಪ್ಪ ಈಗ ಗೇಟಿಗೆ ಬಂದ ಮೇಲೆಯೇ ಕಾಣುತ್ತಾನೆ. ಮೊದಲಿನಂತೆ ದೂರದಿಂದಲೇ ಕಾಯುವುದು ತಪ್ಪಿತು, ಅದೊಂದು ಲಾಭ ಎಂದುಕೊಳ್ಳಬೇಕು.

ಹೊಸ ಕಲ್ಲುಗಳಿಗೆ ಗುರುತು ಹಾಕಿಸಿಲ್ಲ. ತಟ್ಟಿಯೂ ನೋಡಿಲ್ಲ. ನೀನು ಕೇಳಲಾರದ ಸದ್ದನ್ನು ಈ ಮನೆಯಲ್ಲಿ ಮಾಡುವುದಿಲ್ಲ. ನೀನು ಬಂದು ಹೋದ ಮೇಲೆ ಮಾಡಿದರಾಯಿತು.

ಅಂಗಳದಲ್ಲಿ ಒಂದು ಚಪ್ಪರ ಹಾಕಿಸಿದ್ದೇನೆ. ಬಿದಿರು, ಮೇಲೆ ಬರೀ ಸೋಗೆ. ಬಿದ್ದರೆ ಬೆಕ್ಕಿಗೂ ನೋವಾಗದು. ಅಲ್ಲೇ ಇದ್ದು ಅಲ್ಲಿಂದಲೇ ಹೋದರೂ ನಾನು ಒಂದು ಮಾತು ಆಡುವುದಿಲ್ಲ. ಅಂಗಳವೂ ಮನೆಯೇ.

ಬಾ ಮಗೂ.

ಅಪ್ಪಯ್ಯ


ಮಡಿಕೇರಿ
೨೧ ಫೆಬ್ರವರಿ ೧೯೩೭

ಚಿರಂಜೀವಿ ವೆಂಕಟಕೃಷ್ಣರಿಗೆ ಮಾವನ ಆಶೀರ್ವಾದ.

ಮನೆಯ ಪರೀಕ್ಷೆಯ ರಿಪೋರ್ಟು ಕಳಿಸಿ ಎಂದು ಬರೆದಿದ್ದಿರಿ. ಇದೇ ರಿಪೋರ್ಟು. ಸ್ವಲ್ಪ ಸುತ್ತಿ ಬಳಸಿ ಬರುತ್ತದೆ, ಕ್ಷಮಿಸಬೇಕು.

ಗೋಮತಿ ಏಳನೆಯ ತಾರೀಕು ಬಂದಳು. ಬಂದವಳು ಹಿತ್ತಿಲ ಬಾಗಿಲಿಗೆ ಹೋಗಿ ಅಗಳಿ ಎತ್ತಿ, ಎಳೆದು, ಬಾಗಿಲು ತೆರೆದು ನಿಂತಳು. ಮತ್ತೆ ಮುಚ್ಚಿ ಚಪ್ಪರಕ್ಕೆ ಬಂದು ಕೂತಳು. ಹದಿಮೂರು ದಿನ ಹೀಗೇ. ನನ್ನ ಚಾಪೆಯೂ ಅಲ್ಲಿಗೇ ಬಂತು. ಸುಲೋಚನಮ್ಮ, "ಮನೆ ಕಟ್ಟಿ ಅಂಗಳದಲ್ಲಿ ಸಂಸಾರವಾ?" ಎಂದರು. "ಗಾಳಿ ಚೆನ್ನಾಗಿದೆ" ಎಂದೆ.

ನಿನ್ನೆ ಅವಳೇ ಕೇಳಿದಳು, ಹೊಸ ಕಲ್ಲಿಗೆ ಗುರುತು ಏಕಿಲ್ಲ ಎಂದು. ತಟ್ಟಿ ನೋಡದೆ ಇನ್ನು ಗುರುತು ಹಾಕುವುದಿಲ್ಲ, ತಟ್ಟುವುದು ನೀನು ಹೋದ ಮೇಲೆ ಎಂದೆ. ಹೊಸ ಕಲ್ಲುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ, "ತಟ್ಟಿ. ಇಲ್ಲಿಂದ ಕೇಳುತ್ತೇನೆ" ಎಂದಳು.

ಇವತ್ತು ಬೆಳಿಗ್ಗೆ ಬೊಳ್ಳಪ್ಪನಿಗೆ ಹೇಳಿ ಕಳಿಸಿದರೆ ಅವನಿಗೆ ಜ್ವರ. ನಾನೇ ಸುತ್ತಿಗೆ ಹಿಡಿದೆ. ಹೊರಗೆ ಒಂದು ಏಟು ಹಾಕಿ, ಮನೆ ಸುತ್ತಿ ಓಡಿ, ಒಳಗೆ ಹೋಗಿ ಅಂಗೈ ಇಟ್ಟೆ. ಬರಲಿಲ್ಲ. ಮತ್ತೆ ಓಡಿ ಬಂದು ಇನ್ನಷ್ಟು ಜೋರಾಗಿ ತಟ್ಟಿ, ಇನ್ನಷ್ಟು ಬೇಗ ಓಡಿದೆ. ಮೂರನೆಯ ಸಲ ಹೊಸ್ತಿಲಿಗೆ ಎಡವಿ ಪಂಚೆ ಹರಿಯಿತು. ಅವಳನ್ನು ಒಳಗೆ ಕರೆಯಲು ಹೂಡಿದ ಆಟ ಎಂದು ನೀವು ತಿಳಿಯಬಾರದು. ಮೂವತ್ತೊಂದು ವರ್ಷ ಸರ್ವೀಸಾದವನಿಗೆ ನಿಜವಾಗಿಯೂ ಹೊಳೆದಿರಲಿಲ್ಲ.

ಚಪ್ಪರದಿಂದ, "ಅಪ್ಪಯ್ಯ, ಏಟು ನಿಮಗಾಗಿ ಗೋಡೆಯೊಳಗೆ ಕಾಯುತ್ತಾ ಕೂತಿರುತ್ತದಾ?" ಎಂಬ ಮಾತು ಬಂತು.

"ನೆಸೆಸಿಟಿ ಈಸ್ ದಿ ಮದರ್ ಆಫ್..." ಎಂದೆ. ಯಾವುದರ ಮದರ್ ಎಂದು ಎಂದಿನಂತೆ ಮರೆತುಹೋಯಿತು.

ಅವಳು ನಕ್ಕಳು. ನಗುತ್ತಲೇ ಎದ್ದು, ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, ಹಿತ್ತಿಲ ಕಡೆ ಹೋದಳು. ಅಗಳಿ ಎತ್ತಿದ ಸದ್ದು, ಎಳೆದ ಸದ್ದು. ಆಮೇಲೆ ಸದ್ದಿಲ್ಲ. ನಾನು ಸುತ್ತಿಗೆ ಹಿಡಿದು ಹೊರಗೆ ನಿಂತೇ ಇದ್ದೆ.

"ತಟ್ಟಿ, ಅಪ್ಪಯ್ಯ."

ಮಾತು ಗೋಡೆಯ ಆ ಕಡೆಯಿಂದ ಬಂತು.

ತಟ್ಟಿದೆ. "ಬಂತು." ತಟ್ಟಿದೆ. "ಬಂತು." ಹೀಗೆ ಮನೆ ಸುತ್ತಿ ಕೊನೆಗೆ ಅಮ್ಮನ ಮೂಲೆಗೆ ಬಂದೆವು. ಕಿಟಕಿಯಿಂದ ಮರಳಿದ ಕಲ್ಲಿಗೆ ತಟ್ಟಿದೆ. ಉತ್ತರವಿಲ್ಲ. ಇನ್ನೊಮ್ಮೆ ತಟ್ಟಿದೆ. ಇಲ್ಲ. ಒಳಗೆ ಇದ್ದೀಯಾ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಏಕೆ ಎಂದು ನಿಮಗೆ ಗೊತ್ತು. ಸುತ್ತಿಗೆ ಕೆಳಗಿಟ್ಟು ಕಲ್ಲಿಗೆ ಅಂಗೈ ಒತ್ತಿ ನಿಂತೆ.

ಆಗ ಬಂತು. ಒಂದು, ಎರಡು, ಮೂರು. ಒಳಗಿನಿಂದ.

ನಾನು ಮೂರು ತಟ್ಟಿದೆ. ಅವಳು ಮೂರು. ನಾನು ಎರಡು, ಅವಳು ಎರಡು. ಎಷ್ಟು ಹೊತ್ತು ಎಂದು ಬರೆಯಲಾರೆ. ನಾನು ಒಂದಕ್ಕೂ ತಪ್ಪದೆ ಉತ್ತರ ಕೊಟ್ಟೆ. ಅವಳು ನಿಲ್ಲಿಸುವವರೆಗೂ ಕೊಟ್ಟೆ.

ಕೊನೆಗೆ, "ಬಂತು, ಅಪ್ಪಯ್ಯ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಅಮ್ಮನ ಕಿಟಕಿಯಲ್ಲಿ ಮುಖ ಕಾಣಿಸಿತು. "ಅಮ್ಮನ ಕಾವಿ ಎಲ್ಲಿಟ್ಟಿದ್ದೀರಿ? ಎದ್ದ ಮೇಲೆ ಬೇಕು" ಎಂದಳು. ಎದ್ದ ಮೇಲೆ ಎಂದದ್ದು ನನಗೆ ಆಗ ತಿಳಿಯಲಿಲ್ಲ. ಒಳಗೆ ಹೋಗಿ ನೋಡಿದರೆ ಅಮ್ಮ ಮಲಗುತ್ತಿದ್ದ ಮೂಲೆಯಲ್ಲಿ, ಬರಿ ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು ನಿದ್ದೆ ಹೋಗಿದ್ದಾಳೆ.

ನಾನೀಗ ಜಗಲಿಯಲ್ಲಿದ್ದೇನೆ. ಮಧ್ಯಾಹ್ನ ಮೂರು ಗಂಟೆ. ಈಗತಾನೇ ಗುರುವಪ್ಪ ನಿಮ್ಮ ಕಾಗದ ಹಿಡಿದು ಗೇಟಿಗೆ ಬಂದು ಬಾಯಿ ತೆರೆದ. ಓಡಿಹೋಗಿ ತುಟಿಯ ಮೇಲೆ ಬೆರಳಿಟ್ಟು ನಿಲ್ಲಿಸಿದೆ. "ಮಗಳು ಒಳಗೆ ಮಲಗಿದ್ದಾಳೆ" ಎಂದೆ. ಅವನು ಕಿಟಕಿಯ ಕಡೆ ನೋಡಿ, ಕಾಗದವನ್ನು ನನ್ನ ಕೈಗಿಟ್ಟು, "ಹಾಗಾದರೆ ಇದು ಅಳಿಯಂದಿರು" ಎಂದು ಪಿಸುಗುಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆದ.

ಐವತ್ತೆರಡರಲ್ಲಿ ಐವತ್ತೊಂದು ಬಂತು. ಉತ್ತರದ ಗೋಡೆಯಲ್ಲಿ ಒಂದು ಅನುಮಾನ, ಬೊಳ್ಳಪ್ಪನಿಗೆ ಜ್ವರ ಬಿಟ್ಟ ಮೇಲೆ ಬಿಚ್ಚಿಸುತ್ತೇನೆ. ಅದಕ್ಕೆ ಗುರುತು ಹಾಕುವುದಿಲ್ಲ.

ಸರ್ಟಿಫಿಕೇಟಿನ ಇಂಗ್ಲಿಷ್ ಪೂರ್ತಿ ನೆನಪಿದೆ, ಆದರೆ ಬರೆಯುವುದಿಲ್ಲ. ಮೇಲೆ ಬರೆದದ್ದೆಲ್ಲ ಅಂಗೈ ಇಟ್ಟು ನೋಡಿದ್ದು. ಸುಮಾರಾಗಿ ಬರೆದದ್ದಲ್ಲ.

ಜನಾರ್ದನಯ್ಯ